ಆಸ್ಪತ್ರೆಯಾಚೆಯ ಹೆರಿಗೆ: ಮಿಡ್‌ವೈಫ್ ಆಗುವವರು ಕಲಿಯುವುದೇನು?

ಮೇಜಿನ ಮೇಲೆ ಒಂದು ಬಿಳಿ ಬೆಡ್‌ಶೀಟು. ಅದರ ತುಂಬ ಕೆಂಪು ಬಣ್ಣದ ನೀರು. ಪಕ್ಕದಲ್ಲಿ ನೆನೆದು ಭಾರವಾದ ಮೂರು ಪ್ಯಾಡು. "ಎಷ್ಟು ರಕ್ತ ಹೋಗಿದೆ, ಅಂದಾಜು ಮಾಡಿ ಬರೆಯಿರಿ" ಎನ್ನುತ್ತಾರೆ ಟೀಚರ್. ಒಬ್ಬಳು 300 ಮಿಲಿ ಎಂದು ಬರೆಯುತ್ತಾಳೆ. ಇನ್ನೊಬ್ಬಳು ಧೈರ್ಯ ಮಾಡಿ 500 ಅನ್ನುತ್ತಾಳೆ. ಟೀಚರ್ ಅಳೆದು ಸುರಿದದ್ದು 900.

ಮಿಡ್‌ವೈಫ್ ತರಬೇತಿಯಲ್ಲಿ ಇಂಥ ಪಾಠ ಇರುತ್ತದೆ. ಕಣ್ಣಳತೆ ಮೋಸ ಮಾಡುತ್ತದೆ. ರಕ್ತ ಜಾಸ್ತಿ ಹೋದಷ್ಟೂ ಕಣ್ಣು ಕಡಿಮೆಯೇ ಹೇಳುತ್ತದೆ. ಆಮೇಲೆ ತಕ್ಕಡಿ ಬರುತ್ತದೆ. ನೆನೆದ ಬಟ್ಟೆಯ ತೂಕದಲ್ಲಿ ಒಣಬಟ್ಟೆಯ ತೂಕ ಕಳೆಯಿರಿ. ಉಳಿದ ಒಂದೊಂದು ಗ್ರಾಂ ಹೆಚ್ಚುಕಡಿಮೆ ಒಂದೊಂದು ಮಿಲಿ ರಕ್ತ. ಹೆರಿಗೆಯಾದ ಮೇಲೆ 500 ಮಿಲಿ ದಾಟಿದರೆ ಅಪಾಯ ಎಂಬುದು ಬಹುಕಾಲದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿ ಇನ್ನೂ ಮುಂಚೆಯೇ ಎಚ್ಚರವಾಗಿ ಎನ್ನುತ್ತದೆ. 300 ಮಿಲಿ ಹೋಗಿ, ಜೊತೆಗೆ ನಾಡಿಯೋ ಬಿಪಿಯೋ ಏರುಪೇರಾಗಿದ್ದರೆ ಆಗಲೇ ಚಿಕಿತ್ಸೆ ಶುರು ಮಾಡಬೇಕು.

ಮನೆಯಲ್ಲಿ ಹೆರಿಗೆ ಎಂದಕೂಡಲೇ ಮಂದ ದೀಪ, ಬೆಚ್ಚನೆ ನೀರಿನ ತೊಟ್ಟಿ, ಮೆಲುದನಿಯ ಮಾತು ಕಣ್ಣಮುಂದೆ ಬರುತ್ತವೆ. ಅವೆಲ್ಲ ಇರಲಿ, ಒಳ್ಳೆಯದೇ. ಆದರೆ ಆ ಮಂದ ದೀಪದ ಪಕ್ಕ ಕುಳಿತವಳ ಚೀಲದಲ್ಲಿ ತಕ್ಕಡಿ ಇರಬೇಕು. ಗೌರವ ಅಂದರೆ ಮೃದುವಾದ ಮಾತು, ಸುರಕ್ಷತೆ ಅಂದರೆ ಮೆಷಿನ್ನು, ಎರಡೂ ಬೇರೆ ಬೇರೆ ಪಾಠ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಆಸ್ಪತ್ರೆಯಾಚೆ ಅವೆರಡನ್ನೂ ಬಿಡಿಸಲು ಬರುವುದಿಲ್ಲ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಸೂಲು ಎಂದರೆ ಹೆರಿಗೆ, ಸೂಲಗಿತ್ತಿ ಎಂದರೆ ಹೆರಿಗೆ ಮಾಡಿಸುವವಳು. ಪದ ಕೇಳಿದರೆ ನೋಡಿ ನೋಡಿಯೇ ಕಲಿತ ಅಜ್ಜಿ ನೆನಪಾಗುತ್ತಾಳೆ. ಇಲ್ಲಿ ಹೇಳುತ್ತಿರುವುದು ಓದಿ, ಪರೀಕ್ಷೆ ಪಾಸಾಗಿ, ಕಾನೂನು ಪ್ರಕಾರ ನೋಂದಣಿ ಮಾಡಿಸಿಕೊಂಡ ಮಿಡ್‌ವೈಫ್ ಬಗ್ಗೆ. ಡೌಲಾ ಎಂದರೆ ಮತ್ತೊಬ್ಬರು. ಅವರು ಬೆನ್ನು ನೀವುತ್ತಾರೆ, ಧೈರ್ಯ ಹೇಳುತ್ತಾರೆ, ಕೈಹಿಡಿದು ಜೊತೆಗಿರುತ್ತಾರೆ. ಮಗುವಿನ ಹೃದಯ ಬಡಿತ ಕೇಳುವುದು, ಹೊಲಿಗೆ ಹಾಕುವುದು ಅವರ ಕೆಲಸವಲ್ಲ.

ಓದು, ದಾಖಲೆ ಪುಸ್ತಕ, ಸಹಿ

ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಒಂದು ಕನಿಷ್ಠ ಅಳತೆ ಇಟ್ಟಿದೆ. ನೇರವಾಗಿ ಈ ಓದಿಗೆ ಸೇರುವವರಿಗೆ 3 ವರ್ಷ. ನರ್ಸಿಂಗ್ ಮುಗಿಸಿ ಬಂದವರಿಗೆ 18 ತಿಂಗಳು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 3 ವರ್ಷದ ಪದವಿ, ನೆದರ್ಲೆಂಡ್ಸ್‌ನಲ್ಲಿ 4 ವರ್ಷ. ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ನರ್ಸ್ ಆಗಿ, ಆಮೇಲೆ ಸ್ನಾತಕೋತ್ತರ ಓದಿ ನರ್ಸ್‌-ಮಿಡ್‌ವೈಫ್ ಆಗುವುದು ಒಂದು. ಅವರಲ್ಲಿ ಬಹುಪಾಲು ಜನ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾರೆ. ಇನ್ನೊಂದು ಸಿಪಿಎಂ, ಅಂದರೆ ಸರ್ಟಿಫೈಡ್ ಪ್ರೊಫೆಷನಲ್ ಮಿಡ್‌ವೈಫ್ ಎಂಬ ಪ್ರಮಾಣಪತ್ರ. 1994ರಲ್ಲಿ ಶುರುವಾದ ಇದರ ವಿಶೇಷ ಏನೆಂದರೆ, ಆಸ್ಪತ್ರೆಯಾಚೆಯ ಹೆರಿಗೆಯ ಅನುಭವ ಇಲ್ಲದೆ ಇದು ಸಿಗುವುದೇ ಇಲ್ಲ.

ವರ್ಷಗಳಿಗಿಂತ ಮುಖ್ಯ, ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆ ಪುಸ್ತಕ. ಯುರೋಪ್ ಒಕ್ಕೂಟದ ನಿಯಮದಂತೆ ವಿದ್ಯಾರ್ಥಿನಿ 100 ಬಸುರಿ ತಪಾಸಣೆ ಮಾಡಬೇಕು. ತನ್ನ ಕೈಯಾರೆ 40 ಹೆರಿಗೆ ಮಾಡಿಸಬೇಕು. 100 ಬಾಣಂತಿಯರನ್ನೂ ಅವರ ಕೂಸುಗಳನ್ನೂ ನೋಡಿಕೊಳ್ಳಬೇಕು. ಸಿಪಿಎಂ ದಾರಿಯಲ್ಲಿ ಗುರುವಿನ ಜೊತೆ ಓಡಾಡಿ ಕಲಿಯುವವರು ಮೊದಲು 10 ಹೆರಿಗೆಗಳಲ್ಲಿ ಸುಮ್ನೆ ನೋಡುತ್ತಾರೆ. ಆಮೇಲೆ 20ರಲ್ಲಿ ಸಹಾಯಕಿ. ಕೊನೆಗೆ 25ರಲ್ಲಿ ಗುರುವಿನ ಕಣ್ಣಮುಂದೆ ಮುಖ್ಯ ಜವಾಬ್ದಾರಿ ಹೊರುತ್ತಾರೆ. ಪ್ರತಿಯೊಂದಕ್ಕೂ ಸಹಿ ಬೀಳಬೇಕು.

ಸಂಖ್ಯೆ ಕೇಳಿದರೆ ಸಣ್ಣದು ಅನ್ನಿಸಬಹುದು. ಆದರೆ ಹೆರಿಗೆಗಳು ಟೈಮ್‌ಟೇಬಲ್ ನೋಡಿ ಆಗುವುದಿಲ್ಲವಲ್ಲ. ರಾತ್ರಿ 2 ಗಂಟೆಗೆ ಫೋನ್ ಬರುತ್ತದೆ. ಹೋದರೆ ಸುಳ್ಳು ಬೇನೆ. ವಾಪಸ್ ಬಂದು ಮಲಗಿದರೆ ಮತ್ತೆ ಫೋನ್. ಈ ಓದನ್ನು ಅರ್ಧಕ್ಕೆ ಬಿಡಿಸುವುದು ಕಷ್ಟದ ಪುಸ್ತಕಗಳಿಗಿಂತ ನಿದ್ದೆಗೆಟ್ಟ ರಾತ್ರಿಗಳೇ ಇರಬೇಕು ಅಂತ ನನಗನ್ನಿಸುತ್ತದೆ.

ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಲೇಬೇಕು. ಒಂದು, ಈ ಸರ್ಟಿಫಿಕೇಟ್ ಇಟ್ಟುಕೊಂಡು ನಾನಿರುವ ಕಡೆ ಮನೆಯಲ್ಲೋ ಹೆರಿಗೆ ಕೇಂದ್ರದಲ್ಲೋ ಕೆಲಸ ಮಾಡಲು ಕಾನೂನು ಬಿಡುತ್ತದೆಯೇ? ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಅಮೆರಿಕದಲ್ಲೇ ಒಂದು ರಾಜ್ಯದಲ್ಲಿ ನಡೆಯುವುದು ಪಕ್ಕದ ರಾಜ್ಯದಲ್ಲಿ ನಡೆಯದೇ ಹೋಗಬಹುದು. ಎರಡು, ಆಸ್ಪತ್ರೆಯಾಚೆ ನಾನು ಎಷ್ಟು ಹೆರಿಗೆ ನೋಡುತ್ತೇನೆ? ಈ ಪ್ರಶ್ನೆಗೆ ಉತ್ತರ ತೊದಲಿದರೆ ಬೇರೆ ಕಡೆ ವಿಚಾರಿಸಿ. ನಾಲ್ಕು ವಾರದ ಆನ್‌ಲೈನ್ ಪಾಠ ಕೇಳಿ ಹೆರಿಗೆಗೆ ಹೋಗುತ್ತೇನೆ ಎನ್ನುವವರಿಂದಂತೂ ದೂರ ಇರಿ.

ಎಲ್ಲರಿಗೂ ಅಲ್ಲ

ಈ ಕಲಿಕೆಯ ಮೊದಲ ದೊಡ್ಡ ಪಾಠ ಆರಿಸುವುದು. ಅಂದರೆ, ಆಸ್ಪತ್ರೆಯಾಚೆ ಯಾರಿಗೆ ಹೆರಿಗೆ ಮಾಡಿಸಬಹುದು, ಯಾರಿಗೆ ಬೇಡ ಎಂದು ತಿಳಿಯುವುದು. ಸ್ಥೂಲವಾಗಿ ಹೇಳುವುದಾದರೆ, 37ರಿಂದ 42 ವಾರದೊಳಗಿನ ದಿನ ತುಂಬಿದ ಬಸುರಿ, ಒಂದೇ ಮಗು, ತಲೆ ಕೆಳಗಾಗಿರಬೇಕು. ಬಿಪಿ 140/90 ಮುಟ್ಟಿರಬಾರದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರಬಾರದು. ಅವಳಿ, ಹಿಂದೆ ಆದ ಸಿಸೇರಿಯನ್, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ ಬಂದರೆ ಆಸ್ಪತ್ರೆಯ ದಾರಿ ತೋರಿಸುವುದೇ ಹೆಚ್ಚಿನ ಕಡೆಯ ರೂಢಿ. ಆಯ್ಕೆ ಒಂದೇ ಸಲ ಮುಗಿಯುವುದೂ ಇಲ್ಲ. 30ನೇ ವಾರದಲ್ಲಿ ಸರಿ ಇದ್ದದ್ದು 38ಕ್ಕೆ ಕೆಡಬಹುದು. ಬೇನೆ ಶುರುವಾದ ಮೇಲೂ ಕೆಡಬಹುದು.

ಇದರ ಬಗ್ಗೆ ಇರುವ ದೊಡ್ಡ ಲೆಕ್ಕ ಇಂಗ್ಲೆಂಡಿನದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಡಿಮೆ ಅಪಾಯದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿತು. ಈಗಾಗಲೇ ಹೆತ್ತವರ ವಿಷಯದಲ್ಲಿ ಮಗುವಿಗೆ ಆಗುವ ಗಂಭೀರ ತೊಂದರೆ ಮನೆಯಲ್ಲಾದರೂ ಆಸ್ಪತ್ರೆಯಲ್ಲಾದರೂ ಹೇಳಿಕೊಳ್ಳುವಷ್ಟು ಬೇರೆ ಇರಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಆಸ್ಪತ್ರೆಯಲ್ಲಿ 1000ಕ್ಕೆ 5.3 ಇದ್ದದ್ದು ಮನೆಯಲ್ಲಿ 9.3. ಒಂದು ಮಾತು ಮರೆಯಬಾರದು. ಅಲ್ಲಿ ಮಿಡ್‌ವೈಫ್‌ಗಳು ಸರ್ಕಾರಿ ಆರೋಗ್ಯ ವ್ಯವಸ್ಥೆಯ ಒಳಗೇ ಇರುವವರು. ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, ಆಸ್ಪತ್ರೆ ಬಾಗಿಲು ತೆರೆದಿರುತ್ತದೆ. ಅದಿಲ್ಲದ ಕಡೆ ಈ ಅಂಕಿಗಳನ್ನು ಎತ್ತಿ ತೋರಿಸುವುದು ಪ್ರಾಮಾಣಿಕತೆಯಲ್ಲ.

ಇಲ್ಲೇ ಗೌರವದ ಮೊದಲ ಪರೀಕ್ಷೆ ಎದುರಾಗುತ್ತದೆ. ಚೊಚ್ಚಲ ಬಸುರಿಯೊಬ್ಬಳು "ನನಗೆ ಮನೆಯಲ್ಲೇ ಆಗಬೇಕು" ಅಂದರೆ ಏನು ಹೇಳುತ್ತೀರಿ? ಹೆದರಿಸಿ ಓಡಿಸಬಾರದು. ಸಿಹಿ ಮಾತಾಡಿ ಅಂಕಿ ಮುಚ್ಚಿಡಲೂಬಾರದು. 1000ಕ್ಕೆ 9 ಅಂದರೆ ಉಳಿದ 991 ಮಕ್ಕಳಿಗೆ ಆ ತೊಂದರೆ ಆಗಲಿಲ್ಲ ಎಂಬುದನ್ನೂ ಹೇಳಬೇಕು. 5ಕ್ಕೂ 9ಕ್ಕೂ ಇರುವ ವ್ಯತ್ಯಾಸ ಎಷ್ಟು ಎಂಬುದನ್ನೂ ಹೇಳಬೇಕು. ಲಾಭ ಏನು, ಅಪಾಯ ಏನು, ಬೇರೆ ದಾರಿ ಏನು, ನಿನ್ನ ಮನಸ್ಸು ಏನನ್ನುತ್ತದೆ, ಏನೂ ಮಾಡದಿದ್ದರೆ ಏನಾಗುತ್ತದೆ ಎಂಬ ಐದು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವುದು ಇದಕ್ಕೇ.

ಕೇಳಿ ಮುಟ್ಟುವುದು

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಒಂದು ಹೇಳಿಕೆ ಹೊರಡಿಸಿತು. ಹೆರಿಗೆ ವೇಳೆ ಹೊಡೆಯುವುದು, ಬೈಯುವುದು, ಒಪ್ಪಿಗೆ ಕೇಳದೆ ಏನಾದರೂ ಮಾಡುವುದು ಹೆಣ್ಣಿನ ಹಕ್ಕಿನ ಉಲ್ಲಂಘನೆ ಎಂದಿತು. 2019ರಲ್ಲಿ ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್ ದೇಶಗಳ ಹೆರಿಗೆ ಆಸ್ಪತ್ರೆಗಳ ಅಧ್ಯಯನ ಬಂತು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರು ಇಂಥದ್ದನ್ನು ಅನುಭವಿಸಿದ್ದರು. ಚಿಕ್ಕ ವಯಸ್ಸಿನವರ, ಓದಿಲ್ಲದವರ ಪಾಡು ಇನ್ನೂ ಕೆಟ್ಟದು. ಕೆಲವರು ಆಸ್ಪತ್ರೆಯಾಚೆ ಹೆರಬೇಕು ಎಂದುಕೊಳ್ಳಲು ಇದೂ ಒಂದು ಕಾರಣ.

ಹಾಗಂತ ಜಾಗ ಬದಲಾದರೆ ಗೌರವ ತಾನಾಗಿ ಬರುವುದಿಲ್ಲ. ಮನೆಯಲ್ಲೂ ಅವಳಿಗೆ ಕೇಳಿದ ಪ್ರಶ್ನೆಗೆ ಸುತ್ತ ನಿಂತವರೇ ಉತ್ತರ ಕೊಡುತ್ತಾರೆ. ಅದಕ್ಕೇ ಬಸುರಿ ದಿನಗಳಲ್ಲಿ ಒಮ್ಮೆಯಾದರೂ ಅವಳೊಬ್ಬಳ ಜೊತೆ ಕೂತು ಮಾತಾಡಬೇಕು ಎಂದು ಕಲಿಸುತ್ತಾರೆ. ಅವಳಿಗೆ ಯಾರು ಕೋಣೆಯಲ್ಲಿರಬೇಕು, ಯಾರು ಬೇಡ? ಹಿಂದೆ ಯಾರಾದರೂ ನೋಯಿಸಿದ್ದುಂಟೇ? ಇವೆಲ್ಲ ಆಗಲೇ ಗೊತ್ತಾಗುವುದು.

ಒಳಪರೀಕ್ಷೆಯನ್ನೇ ತೆಗೆದುಕೊಳ್ಳಿ. ಬೆರಳಿನಿಂದ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡುವುದು. ವಿದ್ಯಾರ್ಥಿನಿಗೆ ಅದು ಸೆಂಟಿಮೀಟರ್ ಲೆಕ್ಕ. ಮಲಗಿದವಳಿಗೆ ಅದು ತನ್ನ ಮೈ. ಕಲಿಸುವ ಕ್ರಮ ಹೀಗಿದೆ. ಮೊದಲು ಯಾಕೆ ಬೇಕು ಎಂದು ಹೇಳಬೇಕು. "ಈಗ ನೋಡಿದರೆ ಮುಂದೆ ಏನು ಮಾಡೋದು ಅಂತ ಗೊತ್ತಾಗುತ್ತೆ. ನೋಡಬಹುದಾ?" ಉತ್ತರಕ್ಕೆ ಕಾಯಬೇಕು. ಬೇನೆ ಬಂದಾಗ ಕೇಳಬಾರದು, ಅದು ಇಳಿದ ಮೇಲೆ ಕೇಳಬೇಕು. ಬೇನೆಯಲ್ಲಿ ಹೇಳಿದ "ಹೂಂ" ಒಪ್ಪಿಗೆಯ ಲೆಕ್ಕಕ್ಕೆ ಬರುವುದಿಲ್ಲ. "ನಿಲ್ಲಿಸಿ" ಅಂದರೆ ಅರ್ಧ ಸೆಂಟಿಮೀಟರ್ ಅನುಮಾನ ಉಳಿದಿದ್ದರೂ ಕೈ ಹೊರಗೆ. "ಬೇಡ" ಅಂದರೆ ಮುಖ ಸಣ್ಣದು ಮಾಡಬಾರದು. ಉಸಿರು, ದನಿ, ನಡೆ ನೋಡಿಯೂ ಬೇನೆ ಎಲ್ಲಿಗೆ ಬಂದಿದೆ ಎಂದು ಒಂದಷ್ಟು ಹೇಳಬಹುದು.

ಇದಕ್ಕೂ ಸುರಕ್ಷತೆಗೂ ಏನು ಸಂಬಂಧ? ಆಸ್ಪತ್ರೆಯಲ್ಲಿ ಮಾನಿಟರ್ ಬೀಪ್ ಎನ್ನುತ್ತದೆ. ಇಲ್ಲಿ ಅಂಥದ್ದು ಕಡಿಮೆ. "ಯಾಕೋ ತಲೆನೋವು", "ಕಣ್ಣು ಮಂಜಾದ ಹಾಗಿದೆ", "ಈ ನೋವು ಮೊದಲಿನ ಥರ ಇಲ್ಲ" ಎಂದು ಅವಳು ಹೇಳಿದರಷ್ಟೇ ಗೊತ್ತಾಗುವ ವಿಷಯಗಳಿವೆ. ಮೊದಲ ಎರಡು ಬಿಪಿ ಏರಿದ್ದರ ಗುರುತಿರಬಹುದು. ಮೂರನೆಯದು ಮಾಸು ಮುಂಚೆಯೇ ಬಿಡುತ್ತಿರುವುದರ ಗುರುತಿರಬಹುದು. ಎರಡು ಸಲ ಗದರಿಸಿಕೊಂಡವಳು ಮೂರನೇ ಸಲ ಬಾಯಿ ಬಿಡುತ್ತಾಳೆಯೇ?

ಕಾಯುವವಳ ಕೈಯಲ್ಲಿ ಗಡಿಯಾರ

ಹೊರಗಿನಿಂದ ನೋಡಿದರೆ ಮಿಡ್‌ವೈಫ್ ಹೆಚ್ಚು ಹೊತ್ತು ಸುಮ್ನೆ ಕೂತಿರುತ್ತಾಳೆ. ಅವಳ ನೋಟ್‌ಬುಕ್ ನೋಡಿದರೆ ಬೇರೆ ಕಥೆ. ಬೇನೆ ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಹೃದಯ ಬಡಿತ. ಮುಕ್ಕಲು ಶುರುವಾದರೆ 5 ನಿಮಿಷಕ್ಕೊಮ್ಮೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಬೇನೆ ಇಳಿದ ಕೂಡಲೇ ಒಂದು ನಿಮಿಷ ಪೂರ್ತಿ ಕೇಳಬೇಕು. ಬಡಿತ ಇಳಿದು ಮೇಲೇರಲು ತಡ ಮಾಡುತ್ತಿದ್ದರೆ ಅದು ಗೊತ್ತಾಗುವುದು ಆಗಲೇ. ಇನ್ನೊಂದು ಕೈ ತಾಯಿಯ ಮಣಿಕಟ್ಟಿನ ಮೇಲಿರಬೇಕು. ಯಾಕೆಂದರೆ ಬಡಿತ ಕೇಳಿಸುವ ಯಂತ್ರವಾದ ಡಾಪ್ಲರ್‌ನಲ್ಲಿ ಕೇಳುತ್ತಿರುವುದು ತಾಯಿಯದೇ ನಾಡಿಯಾಗಿದ್ದರೆ? ಗಾಬರಿಯಲ್ಲಿ ಅವಳ ನಾಡಿಯೂ 120 ಓಡುತ್ತಿರುತ್ತದೆ. ಎರಡೂ ಬೇರೆ ಬೇರೆ ಎಂದು ಖಾತ್ರಿಯಾದರೇ ಬರೆಯುವುದು.

ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಎಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೈಬಿಟ್ಟಿತು. ಜೋರು ಬೇನೆಯ ಹಂತ 5 ಸೆಂಟಿಮೀಟರ್‌ಗೆ ಶುರು ಎಂದಿತು. 2020ರ ಅದರ ಚಾರ್ಟ್ ಪ್ರಕಾರ 5ರಲ್ಲೇ 6 ಗಂಟೆ ನಿಂತರೆ ಎಚ್ಚರವಾಗಬೇಕು, 9ರಲ್ಲಿ 2 ಗಂಟೆ ನಿಂತರೆ ಎಚ್ಚರವಾಗಬೇಕು. ಅಂದರೆ ಕಾಯುವುದಕ್ಕೂ ಗೆರೆ ಇದೆ. "ಇನ್ನೂ ಎಷ್ಟು ಹೊತ್ತು?" ಎಂದು ಮನೆಯವರು ಹತ್ತನೇ ಸಲ ಕೇಳಿದಾಗ ಆ ಗೆರೆಯೇ ಉತ್ತರ ಕೊಡುತ್ತದೆ.

ಮೂರು ಗಾಬರಿಗಳು

ತುರ್ತು ಸಂದರ್ಭಗಳನ್ನು ಬೊಂಬೆಗಳ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ, ತಲೆಗಿಂತ ಮುಂಚೆ ಕೈ ಓಡುವಷ್ಟು.

ಮೊದಲನೆಯದು ಉಸಿರಾಡದ ಕೂಸು. ಹುಟ್ಟಿದ ಮಕ್ಕಳಲ್ಲಿ ಸುಮಾರು 10ಕ್ಕೆ ಒಂದಕ್ಕೆ ಉಸಿರು ಶುರು ಮಾಡಲು ಏನಾದರೂ ಸಹಾಯ ಬೇಕಾಗುತ್ತದೆ. ಒರೆಸುವುದು, ಬೆನ್ನು ಉಜ್ಜುವುದರಲ್ಲೇ ಬಹಳಷ್ಟು ಮಕ್ಕಳು ಅಳುತ್ತವೆ. ಅಳದಿದ್ದರೆ ಒಂದು ನಿಮಿಷದೊಳಗೆ ಬ್ಯಾಗು ಮತ್ತು ಮಾಸ್ಕಿನಿಂದ ಗಾಳಿ ಕೊಡುವುದು ಶುರುವಾಗಬೇಕು. ತಲೆ ಹಿಂದಕ್ಕೆ ಜಾಸ್ತಿ ಬಾಗಿದರೆ ಗಾಳಿ ಹೋಗುವುದಿಲ್ಲ, ಮುಂದಕ್ಕೆ ಬಾಗಿದರೂ ಹೋಗುವುದಿಲ್ಲ. ಎದೆ ಮೇಲೇಳುತ್ತಿದೆಯೇ ಎಂದು ನೋಡುತ್ತಲೇ ಇರಬೇಕು. ಅದಕ್ಕಾಗಿಯೇ ಪ್ರತಿ ಹೆರಿಗೆಗೂ ಇಬ್ಬರು ಹೋಗಬೇಕು ಎನ್ನುವುದು. ಒಬ್ಬರು ತಾಯಿಗೆ, ಒಬ್ಬರು ಮಗುವಿಗೆ.

ಎರಡನೆಯದು ಹೆಗಲು ಸಿಕ್ಕಿಕೊಳ್ಳುವುದು. ತಲೆ ಹೊರಗೆ ಬರುತ್ತದೆ, ಆಮೇಲೆ ಆಮೆಯ ಹಾಗೆ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕು ಅನ್ನಿಸುವುದು ಸಹಜ. ಎಳೆದರೆ ಮಗುವಿನ ತೋಳಿನ ನರ ಹರಿಯಬಹುದು. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆ ಚೆನ್ನಾಗಿ ಮಡಿಸುವುದು, ಕಿಬ್ಬೊಟ್ಟೆಯ ಮೂಳೆಯ ಮೇಲಿಂದ ಒತ್ತುವುದು, ಅವಳನ್ನು ಅಂಗೈ ಮತ್ತು ಮಂಡಿಯ ಮೇಲೆ ನಿಲ್ಲಿಸುವುದು, ಹೀಗೆ ಪಟ್ಟುಗಳಿವೆ. ಕೊನೆಯದಕ್ಕೆ ಇನಾ ಮೇ ಗ್ಯಾಸ್ಕಿನ್ ಎಂಬ ಅಮೆರಿಕದ ಮಿಡ್‌ವೈಫ್ ಹೆಸರೇ ಇದೆ. ಆಕೆಗೆ ಅದು ಬಂದದ್ದು ಗ್ವಾಟೆಮಾಲಾದ ಸೂಲಗಿತ್ತಿಯರಿಂದ. ಪುಸ್ತಕ ಓದಿದವರು ಅಜ್ಜಿಯರಿಂದ ಕಲಿತದ್ದು ಕಡಿಮೆಯೇನಲ್ಲ.

ಮೂರನೆಯದು ರಕ್ತ. ಗರ್ಭಕೋಶ ಗಟ್ಟಿಯಾಗದೆ ಮೆತ್ತಗೆ ಉಳಿದರೆ ನಲ್ಲಿ ಬಿಟ್ಟಂತೆ ಹೋಗುತ್ತದೆ. ಹೊಟ್ಟೆಯ ಮೇಲಿಂದ ಉಜ್ಜಿ ಗಟ್ಟಿ ಮಾಡಬೇಕು. ರಕ್ತಸ್ರಾವ ಆಗದಿರಲಿ ಎಂದು ಮಗು ಹುಟ್ಟಿದ ಕೂಡಲೇ ತೊಡೆಗೆ ಗರ್ಭಕೋಶ ಗಟ್ಟಿ ಮಾಡುವ ಔಷಧ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುವ ಪದ್ಧತಿ ಇದೆ. ಆ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಚೀಲ ಬಿಟ್ಟರೆ ಔಷಧದ ಬಲ ಕುಗ್ಗುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ತಂಪು ಡಬ್ಬಿಯ ಥರ್ಮಾಮೀಟರ್ ನೋಡುವುದೂ ಕಲಿಕೆಯ ಭಾಗವೇ.

ಹೊರಡುವ ನಿರ್ಧಾರ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಪಾಠ. ಅದೇ ಇಂಗ್ಲೆಂಡ್ ಅಧ್ಯಯನದಲ್ಲಿ ಮನೆಯಲ್ಲಿ ಹೆರಲು ಹೊರಟ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 45 ಜನ ಹೆರಿಗೆ ವೇಳೆ ಅಥವಾ ಆದ ಕೂಡಲೇ ಆಸ್ಪತ್ರೆಗೆ ಹೋದರು. ಮೊದಲೇ ಹೆತ್ತವರಲ್ಲಿ 100ಕ್ಕೆ 12. ಎಲ್ಲವೂ ಸೈರನ್ ಹೊಡೆದುಕೊಂಡು ಹೋದದ್ದಲ್ಲ. ಜಾಸ್ತಿ ಕಂಡ ಕಾರಣ ಬೇನೆ ಮುಂದುವರಿಯದೆ ನಿಂತದ್ದು.

ಹಾಗಾಗಿ ಹೋಗುವ ಮಾತು ಬಸುರಿ ದಿನಗಳಲ್ಲೇ ಆಗಬೇಕು. ಯಾವ ಆಸ್ಪತ್ರೆ, ಎಷ್ಟು ನಿಮಿಷ, ಯಾವ ವಾಹನ? ಯಾವ ಗುರುತು ಕಂಡರೆ ಮಾತಿಲ್ಲದೆ ಹೊರಡುತ್ತೇವೆ, ಯಾವುದಕ್ಕೆ ಕೂತು ಚರ್ಚಿಸುತ್ತೇವೆ? "ಆಸ್ಪತ್ರೆಗೆ ಹೋದರೆ ಸೋತಂತೆ" ಎಂಬ ಭಾವನೆ ಬಿತ್ತಿದ ಮಿಡ್‌ವೈಫ್ ಆ ತಾಯಿಯ ಒಂದು ಗಂಟೆ ಕಳೆದುಬಿಡುತ್ತಾಳೆ. ಮೊದಲಿಂದ ನಿಜ ಹೇಳಿಕೊಂಡು ಬಂದವಳು "ಈಗ ಹೊರಡಬೇಕು" ಅಂದರೆ ಎದುರು ಪ್ರಶ್ನೆ ಕಡಿಮೆ.

ಫೋನಿನಲ್ಲಿ ಮಾತಾಡುವುದನ್ನೂ ಕಲಿಸುತ್ತಾರೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಈ ನಾಲ್ಕು ಮೆಟ್ಟಿಲಿನ ಕ್ರಮ ಬಂದದ್ದು ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ. ಹೆರಿಗೆಗೂ ಅಣುಶಕ್ತಿಯ ಹಡಗಿಗೂ ಎಲ್ಲಿಯ ನಂಟು ಅನ್ನಿಸಬಹುದು, ಅಲ್ವಾ? ಗಾಬರಿಯಲ್ಲಿ ಜನ ಕಥೆ ಹೇಳಲು ಶುರು ಮಾಡುವುದು ಎರಡೂ ಕಡೆ ಒಂದೇ. "ಚೊಚ್ಚಲು, 39 ವಾರ, ಹೆರಿಗೆಯಾಗಿ 20 ನಿಮಿಷ, ತೂಕ ಮಾಡಿದ ರಕ್ತ 700 ಮಿಲಿ, ನಾಡಿ 118, ಗರ್ಭಕೋಶ ಮೆತ್ತಗಿದೆ, ಔಷಧ ಕೊಟ್ಟಿದ್ದೇನೆ, 15 ನಿಮಿಷದಲ್ಲಿ ಅಲ್ಲಿರುತ್ತೇವೆ, ರಕ್ತ ರೆಡಿ ಇಡಿ." ಇಷ್ಟೇ. ಆಮೇಲೆ ಜೊತೆಗೇ ಹೋಗಬೇಕು. ಅಲ್ಲಿ ನಿರ್ಧಾರ ಅವರದು. ಮುಖ ಸಿಂಡರಿಸಿದರೂ ಸಹಿಸಿಕೊಂಡು ನೋಟ್‌ಬುಕ್ ಕೈಗೆ ಕೊಡಬೇಕು.

ಹೆರಿಗೆಯಾದ ಮೇಲಿನ ವಾರಗಳಲ್ಲಿ ಕೂಸು ಮೊಲೆ ಕಚ್ಚುತ್ತಿದೆಯೇ, ಮಗುವಿನ ಮೈ ಹಳದಿಯಾಗಿದೆಯೇ, ಬಾಣಂತಿಗೆ ಜ್ವರ ಇದೆಯೇ, ನಿದ್ದೆ ಬರುತ್ತಿದೆಯೇ, ಸುಮ್ನೆ ಅಳು ಬರುತ್ತಿದೆಯೇ ಎಂದು ನೋಡಲು ಮನೆಗೆ ಹೋಗುತ್ತಾರೆ. ಆ ಭೇಟಿಯೊಂದರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: "ಆವತ್ತು ನಾನು ಮಾಡಿದ್ದರಲ್ಲಿ ಏನಾದರೂ ಬೇಜಾರಾಯಿತಾ?"

ತಾಯಿ ಸ್ವಲ್ಪ ಹೊತ್ತು ಮಗುವನ್ನೇ ನೋಡುತ್ತಿದ್ದು, "ನೀವು ಹೇಳದೇ ಕೇಳದೇ ಲೈಟ್ ಹಾಕಿಬಿಟ್ಟಿರಿ, ಬೆಚ್ಚಿಬಿದ್ದೆ" ಅನ್ನಬಹುದು. ಲೈಟ್ ಹಾಕಿದ್ದು ರಕ್ತ ನೋಡುವುದಕ್ಕೆ. ಹಾಕಲೇಬೇಕಿತ್ತು. "ಲೈಟ್ ಹಾಕ್ತೀನಿ, ರಕ್ತ ನೋಡಬೇಕು" ಅನ್ನಲು ಎರಡು ಸೆಕೆಂಡ್ ಸಾಕಿತ್ತು. ದಾಖಲೆ ಪುಸ್ತಕದಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ. ವಿದ್ಯಾರ್ಥಿನಿ ಅದನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ.